ಮೂರನೇ ವಲಯದ ಕುರ್ಚಿ

ಆಗಸ್ಟ್ 6, ಮಂಗಳವಾರ

ನಾಮಪತ್ರ ಕೊಟ್ಟು ಬಂದೆ. ವೆಸ್ಟ್ ರಿವರ್ ಕಮ್ಯುನಿಟಿ ಕಾಲೇಜಿನ ಆಡಳಿತ ಮಂಡಳಿ, ಮೂರನೇ ವಲಯ. ಮಂಡಳಿಯಲ್ಲಿರುವುದು ಐದು ಕುರ್ಚಿ. ಮೂರನೆಯದರಲ್ಲಿ ಇಪ್ಪತ್ತು ವರ್ಷದಿಂದ ಹಾಲ್‌ಸ್ಟೆಡ್ ಕೂತಿದ್ದಾನೆ, ಟ್ರ್ಯಾಕ್ಟರ್ ಮಾರುವವನು. ಅವನ ಎದುರು ಯಾರೂ ನಿಲ್ಲದ ಕಾರಣ ಅವನ ಹೆಸರು ಮತಪತ್ರದಲ್ಲಿ ಅಚ್ಚಾದದ್ದೇ ಇಲ್ಲವಂತೆ. ಈ ಸಲ ಅಚ್ಚಾಗುತ್ತದೆ.

ಚುನಾವಣಾ ಕಚೇರಿಯ ಕೌಂಟರಿನಲ್ಲಿದ್ದ ಹುಡುಗಿ ಕೇಳಿದಳು: "ಹೆಸರಿನ ಕೆಳಗೆ ಮೂರು ಪದ ಹಾಕ್ಬಹುದು ಮೇಡಂ. ನೀವೇನು ಕೆಲಸ ಮಾಡ್ತೀರಾ ಅನ್ನೋದು."

"ಲೊರೇನಿಯೊ ಬೊರ್ಬಾ ಹೆಂಡತಿ ಅಂತ ಹಾಕು."

"ಅದು ಕೆಲಸ ಅಲ್ವಲ್ಲ ಮೇಡಂ."

"ನಲವತ್ತಾರು ವರ್ಷ ಅವರ ಜೊತೆ ನೀನಿದ್ದು ನೋಡಬೇಕಿತ್ತು."

ಅವಳು ನಗಲಿಲ್ಲ. ನಗಿಸಲು ನಾನೂ ಹೇಳಿರಲಿಲ್ಲ. 'ನಿವೃತ್ತ ಡೈರಿ ಮಾಲೀಕಳು' ಎಂದು ಬರೆದೆ. ಲೊರೇನಿಯೊ ಹೋದ ಮೇಲೆ ಹಸುಗಳನ್ನು ಮಾರಿದ್ದೇನೆ, ಆದ್ದರಿಂದ ಸುಳ್ಳಲ್ಲ.

ವಿಷಯ ಇಷ್ಟೇ. ನಮ್ಮ ಡೆಲ್ ಪ್ರಾಡೊದಲ್ಲಿರುವ ಕಾಲೇಜು ಶಾಖೆಯನ್ನು ಮುಚ್ಚಬೇಕೆಂದು ಜೂನ್‌ನಲ್ಲಿ ಮಂಡಳಿ ಮಾತೆತ್ತಿದೆ. ಶಾಖೆ ಎಂದರೆ ಹಳೆಯ ಅಂಚೆ ಕಚೇರಿಯ ಕಟ್ಟಡದಲ್ಲಿ ನಾಲ್ಕು ಕೋಣೆ, ಒಂದು ಪ್ರಯೋಗಾಲಯ. ಮೊಮ್ಮಗಳು ನೊಯೆಲಿಯಾ ನರ್ಸ್ ಆಗಲು ಬೇಕಾದ ಪಾಠಗಳನ್ನು ಅಲ್ಲಿ ಓದುತ್ತಿದ್ದಾಳೆ, ಇನ್ನೂ ಒಂದು ವರ್ಷ ಬಾಕಿ ಇದೆ. ಮುಚ್ಚಿದರೆ ಐವತ್ತೆರಡು ಮೈಲಿ ದೂರದ ದೊಡ್ಡ ಕಾಲೇಜಿಗೆ ಹೋಗಬೇಕು. ಮುಚ್ಚಬೇಕೆನ್ನುವವರು ಮೂವರು, ಬೇಡವೆನ್ನುವವರು ಇಬ್ಬರು. ಹಾಲ್‌ಸ್ಟೆಡ್ ಆ ಮೂವರಲ್ಲಿ ಒಬ್ಬ. ತೀರ್ಮಾನ ಜನವರಿಯಲ್ಲಿ. ಅವನ ಜಾಗದಲ್ಲಿ ನಾನು ಕೂತರೆ ಶಾಖೆ ಉಳಿಯುತ್ತದೆ.

ಮಗಳು ಗ್ರಾಸಿಯೆಟ್‌ಗೆ ಫೋನ್ ಮಾಡಿ ಹೇಳಿದೆ.

"ಕೇಳಿದ್ರೆ ಬೇಡ ಅಂತಿದ್ದೆ. ನೀವು ಕೇಳಲಿಲ್ಲ."

"ನಾನು ಯಾವತ್ತು ಕೇಳಿದೀನಿ?"

"ಅದೇ ಅಮ್ಮ," ಎಂದು ಫೋನ್ ಇಟ್ಟಳು.

ಆಗಸ್ಟ್ 19

ಮತದಾರರಿಗೆ ಕಳಿಸುವ ಪುಸ್ತಿಕೆಗೆ ಇನ್ನೂರು ಪದದ ಹೇಳಿಕೆ ಕೊಡಬೇಕು. ನಾನು ಕೈಯಲ್ಲಿ ಬರೆದೆ, ನೊಯೆಲಿಯಾ ಕಂಪ್ಯೂಟರಿನಲ್ಲಿ ಟೈಪ್ ಮಾಡಿದಳು.

"ವವೊ, ನಿಮ್ಮ ಅಕ್ಷರ ಅಚ್ಚು ಹಾಕಿದ ಹಾಗಿದೆ." ಅಜ್ಜಿಯನ್ನು ವವೊ ಎನ್ನುವುದನ್ನಾದರೂ ಈ ಹುಡುಗಿ ಬಿಟ್ಟಿಲ್ಲ.

ಹೈಸ್ಕೂಲಿನಲ್ಲಿ ಕೈಬರಹಕ್ಕೆ ಬಹುಮಾನ ಬಂದದ್ದು ನನಗೆ. ಪೋರ್ಚುಗೀಸರ ತೆರ್ಸೇರಾ ದ್ವೀಪದಿಂದ ಒಂಬತ್ತು ವರ್ಷದವಳು ಬಂದು, ಈ ದೇಶದ ಭಾಷೆಯನ್ನು ಈ ದೇಶದವರಿಗಿಂತ ಅಂದವಾಗಿ ಬರೆದೆ. ಎಪ್ಪತ್ತೆರಡರಲ್ಲಿ ಇದೇ ಕಾಲೇಜಿನ ಅರ್ಜಿ ಮನೆಗೆ ತಂದಾಗ ಅಪ್ಪ ಅದನ್ನು ಓದಲಿಲ್ಲ. ನಾಲ್ಕು ಮಡಿಕೆ ಮಡಚಿ ಅಲುಗಾಡುತ್ತಿದ್ದ ಮೇಜಿನ ಕಾಲಿಗೆ ಇಟ್ಟರು. ಮೇಜು ಸರಿಹೋಯಿತು.

ಇದನ್ನು ಹೇಳಿಕೆಯಲ್ಲಿ ಹಾಕೋಣ ಎಂದಳು ನೊಯೆಲಿಯಾ. ಬೇಡ ಎಂದೆ. ಕನಿಕರಕ್ಕೆ ಓಟು ಹಾಕಿಸಿಕೊಳ್ಳುವವಳಲ್ಲ ನಾನು.

ಸೆಪ್ಟೆಂಬರ್ 8

ಮನೆ ಮನೆಗೆ ನಡೆದೆ. ಮೂವತ್ತೊಂದು ಬಾಗಿಲು, ತೆರೆದದ್ದು ಹನ್ನೆರಡು. ಒಬ್ಬ, "ಕಾಲೇಜಿಗೂ ಚುನಾವಣೆ ಇದೆಯಾ? ಯಾವಾಗಿಂದ?" ಎಂದ. ಇನ್ನೊಬ್ಬಳು ನಾನು ಧರ್ಮ ಬೋಧಿಸಲು ಬಂದವಳೆಂದು ತಿಳಿದು ನಾಯಿಯನ್ನು ಮುಂದೆ ಬಿಟ್ಟಳು. ಹಳೆಯ ಪರಿಚಯದ ಸಿಲ್ವಿನೊ ಟೊಸ್ತೆ ಮಾತ್ರ ಕುರ್ಚಿ ಹಾಕಿ ಕೂರಿಸಿದ. ಎಂಬತ್ತನಾಲ್ಕು ಅವನಿಗೆ.

"ಗೆದ್ದರೆ ಏನು ಕೊಡ್ತಾರೆ ಉಂಬೆಲಿನಾ?"

"ತಿಂಗಳಿಗೊಂದು ಸಭೆ."

"ಸೋತರೆ?"

"ಅದೂ ಇಲ್ಲ."

"ಹಾಗಾದ್ರೆ ಸೋಲು," ಎಂದ. ಇಬ್ಬರೂ ಕಾಫಿ ಕುಡಿದೆವು.

ಸೆಪ್ಟೆಂಬರ್ 26, ಗುರುವಾರ

ಲೈಬ್ರರಿಯಲ್ಲಿ ಅಭ್ಯರ್ಥಿಗಳ ಸಭೆ. ಜನ ನಲವತ್ತರ ಮೇಲೆ. ಹಾಲ್‌ಸ್ಟೆಡ್ ನನಗಾಗಿ ಕುರ್ಚಿ ಎಳೆದು ಕೊಟ್ಟ. ಸಭ್ಯಸ್ಥರೊಡನೆ ಜಗಳವಾಡುವುದು ಕಷ್ಟ.

"ಮಿಸೆಸ್ ಬೊರ್ಬಾ ಬಗ್ಗೆ ನನಗೆ ಬಹಳ ಗೌರವ," ಎಂದು ಶುರುಮಾಡಿದ. "ಪೋರ್ಚುಗೀಸ್ ಹಾಲ್‌ನಲ್ಲಿ ಅವರು ಮಾಡೋ ಸೂಪನ್ನ ಮೂವತ್ತು ವರ್ಷದಿಂದ ತಿಂದಿದೀನಿ. ಒಂದೇ ಒಂದು ಪ್ರಶ್ನೆ. ನಮ್ಮ ಕಾಲೇಜಲ್ಲಿ ಅವರು ಯಾವ ಪಾಠ ಕೇಳಿದಾರೆ?"

"ಯಾವುದೂ ಇಲ್ಲ," ಎಂದೆ. "ನನ್ನನ್ನ ಮನೇಲಿ ನಿಲ್ಲಿಸಿದ್ರು. ಈ ಊರಿನ ಇನ್ನೊಂದು ಹುಡುಗಿಯನ್ನ ಹಾಗೆ ನಿಲ್ಲಿಸೋಕೆ ನಾನು ಬಿಡಲ್ಲ."

ಜೋರಾಗಿ ಚಪ್ಪಾಳೆ ಬಿತ್ತು. ಹಾಲ್‌ಸ್ಟೆಡ್ ಕೂಡ ಎರಡು ಸಲ ತಟ್ಟಿದ. ಮೂರನೇ ಸಾಲಿನಲ್ಲಿದ್ದ ಗ್ರಾಸಿಯೆಟ್ ಚಪ್ಪಾಳೆಯ ನಡುವೆ ಎದ್ದು ಹೊರಗೆ ಹೋದಳು. ತಲೆನೋವಿರಬೇಕು. ಅವಳಿಗೆ ಚಿಕ್ಕಂದಿನಿಂದ ತಲೆನೋವು.

ಅಕ್ಟೋಬರ್ 20, ಭಾನುವಾರ

ಅಂಚೆಯಲ್ಲಿ ಎಲ್ಲರಿಗೂ ಮತಪತ್ರ ಬಂದಿದೆ. ನಮ್ಮ ಜನ ಅದನ್ನು ವಿದ್ಯುತ್ ಬಿಲ್ಲಿನ ಜೊತೆ ಡ್ರಾಯರಿಗೆ ಹಾಕಿ ಮರೆಯುತ್ತಾರೆ. ಅದಕ್ಕೇ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಪೋರ್ಚುಗೀಸ್ ಹಾಲ್‌ನಲ್ಲಿ ಊಟ ಇಟ್ಟೆ. ಪವಿತ್ರಾತ್ಮದ ಹಬ್ಬಕ್ಕೆ ಮಾಡುವ ಹಾಗೆಯೇ: ದನದ ಮಾಂಸದ ಸೂಪು, ಬ್ರೆಡ್ಡು, ಮೇಲೆ ಪುದೀನ. ಮತಪತ್ರ ತಾರದವರಿಗೆ ಊಟವಿಲ್ಲ ಎಂದು ಮೊದಲೇ ಹೇಳಿದ್ದೆ. ನನ್ನನ್ನೂ ಸೇರಿ ಇಪ್ಪತ್ತಮೂರು ಜನ. ಗ್ರಾಸಿಯೆಟ್, ಅವಳ ಗಂಡ ರಾಂಡಲ್, ನೊಯೆಲಿಯಾ ಕೂಡ ಬಂದರು.

"ಸೂಪ್ ಆಮೇಲೆ. ಮೊದಲು ಮತಪತ್ರ."

ಅವರು ಗುರುತು ಹಾಕುವಾಗ ಬೆಂಚುಗಳ ಹಿಂದೆ ನಡೆದು ನೋಡಿದೆ. ಎಲ್ಲವೂ ನನಗೇ. ಆಮೇಲೆ ಲಕೋಟೆಯ ಮೇಲೆ ಸಹಿ. ಸಿಲ್ವಿನೊನ ಸಹಿ ನೋಡಿ ನನಗೆ ನಾಚಿಕೆಯಾಯಿತು.

"ಏನಿದು? ನೊಣ ಶಾಯಿಗೆ ಬಿದ್ದು ಎದ್ದು ಹೋದ ಹಾಗಿದೆ."

"ಅರವತ್ತು ವರ್ಷದಿಂದ ಬ್ಯಾಂಕ್‌ನವರು ಇದನ್ನೇ ನಂಬಿದಾರಮ್ಮ."

"ಬ್ಯಾಂಕ್‌ನವರಿಗೆ ಮರ್ಯಾದೆ ಇಲ್ಲ. ಇದು ಸರ್ಕಾರಕ್ಕೆ ಹೋಗೋ ಕಾಗದ. ಅದನ್ನ ಹೊಡೆದು ಹಾಕಿ ಪಕ್ಕದಲ್ಲಿ ಪೂರ್ತಿ ಹೆಸರನ್ನೇ ಸಹಿ ಮಾಡು, ಒಂದೊಂದು ಅಕ್ಷರನೂ ಕಾಣಬೇಕು. ಓದೋರು ಇವರು ಶಾಲೆ ಕಂಡ ಜನ ಅನ್ನಬೇಕು."

ಇದು ಎಲ್ಲರಿಗೂ ಎಂದು ಹೇಳಿದೆ. ಕಾಗದದ ಕರವಸ್ತ್ರಗಳ ಮೇಲೆ ಮೊದಲು ಎರಡು ಸಲ ಬರೆಸಿ ಆಮೇಲೆ ಲಕೋಟೆಗೆ ಬಿಟ್ಟೆ. ಇದಲೀನಾ ಇಪ್ಪತ್ತಾರು ವರ್ಷ ನನ್ನ ಜೊತೆ ಹಾಲ್‌ನ ಅಡುಗೆಮನೆಯಲ್ಲಿ ದುಡಿದವಳು. ಅವಳೂ ನಾಲಗೆ ಕಚ್ಚಿಕೊಂಡು ಮಗುವಿನ ಹಾಗೆ ಬರೆದಳು. ನೊಯೆಲಿಯಾ, "ವವೊ, ನನ್ನ ಸಹಿ ಹೀಗಿರಲ್ಲ," ಎಂದಳು. "ಇವತ್ತಿಂದ ಇರಲಿ," ಎಂದೆ.

ಲಕೋಟೆಗಳೆಲ್ಲ ಸಾಲಾಗಿ, ಓದುವ ಹಾಗೆ, ಎಷ್ಟು ಅಂದವಾಗಿದ್ದವು. ನಾನೇ ಒಯ್ದು ಮತಪೆಟ್ಟಿಗೆಗೆ ಹಾಕಿದೆ.

ನವೆಂಬರ್ 6

ನಿನ್ನೆ ಮತದಾನ ಮುಗಿಯಿತು. ನಾನು ಅರವತ್ತು ಓಟು ಹಿಂದೆ. ಎಣಿಕೆ ಮುಗಿದಿಲ್ಲ ಎನ್ನುತ್ತಾರೆ.

ನವೆಂಬರ್ 12

ಹದಿನೆಂಟು ಹಿಂದೆ. ನೊಯೆಲಿಯಾ ಗಂಟೆಗೊಮ್ಮೆ ಫೋನಿನಲ್ಲಿ ನೋಡಿ ಹೇಳುತ್ತಾಳೆ. ಹೇಳಬೇಡ ಎಂದೆ. ಆಮೇಲೆ ನಾನೇ ಕೇಳಿದೆ.

ನವೆಂಬರ್ 13, ಬುಧವಾರ

ಬೆಳಿಗ್ಗೆ ಇದಲೀನಾ ಫೋನ್ ಮಾಡಿದಳು. "ನಾನು ನಾನಲ್ಲ ಅಂತ ಸರ್ಕಾರ ಬರೆದಿದೆ ಉಂಬೆಲಿನಾ."

ಹೋಗಿ ಪತ್ರ ಓದಿದೆ. ಲಕೋಟೆಯ ಮೇಲಿನ ಸಹಿ ದಾಖಲೆಯಲ್ಲಿರುವ ಸಹಿಗೆ ಹೊಂದುತ್ತಿಲ್ಲ. ಜೊತೆಗಿರುವ ನಮೂನೆಗೆ ಸಹಿ ಮಾಡಿ ಡಿಸೆಂಬರ್ ಒಂದರೊಳಗೆ ಕಳಿಸಿದರೆ ಓಟು ಎಣಿಸುತ್ತೇವೆ, ಇಲ್ಲದಿದ್ದರೆ ಇಲ್ಲ. ಮನೆಗೆ ಬರುವಷ್ಟರಲ್ಲಿ ಸಿಲ್ವಿನೊ ಫೋನ್ ಮಾಡಿದ, ಆಮೇಲೆ ಊಟಕ್ಕೆ ಬಂದಿದ್ದ ವಿಯೇರಾ ದಂಪತಿ, ಆಮೇಲೆ ನೊಯೆಲಿಯಾ, ಎಲ್ಲರಿಗೂ ಅದೇ ಪತ್ರ. ಸಂಜೆಯ ಹೊತ್ತಿಗೆ ಲೆಕ್ಕ ಸಿಕ್ಕಿತು. ಹಾಲ್‌ನಲ್ಲಿ ಸಹಿ ಮಾಡಿದ ಇಪ್ಪತ್ತಮೂರು ಜನರಲ್ಲಿ ಇಪ್ಪತ್ತೆರಡು ಜನರಿಗೆ ಬಂದಿದೆ. ಬಾರದೆ ಇದ್ದದ್ದು ನನಗೊಬ್ಬಳಿಗೆ. ನನ್ನ ಸಹಿ ಯಾವಾಗಲೂ ಹಾಗೆಯೇ ಇರುತ್ತದೆ.

ಸೋಲಿನ ಅಂತರ ಹದಿನೆಂಟು. ಇಪ್ಪತ್ತೆರಡರಲ್ಲಿ ಹತ್ತೊಂಬತ್ತು ಬಂದರೆ ಸಾಕು.

ಕಚೇರಿಯವರದು ಅತಿಯಾಯಿತು. ಓದಲಾಗದ್ದನ್ನು ನಂಬುತ್ತಾರೆ, ಓದಲಾಗುವುದನ್ನು ನಂಬುವುದಿಲ್ಲ.

ನವೆಂಬರ್ 16

ಹದಿನಾಲ್ಕು ಮನೆ ಸುತ್ತಿದೆ. ಸಿಲ್ವಿನೊಗೆ, "ಕಾಗದದ ಮೇಲೆ ನಿನ್ನ ಹಳೇ ನೊಣಾನೇ ಬಿಡು," ಎಂದೆ. ಬಿಟ್ಟ. ನನ್ನ ಮುಖ ನೋಡುತ್ತಾ ಬಹಳ ಸಂತೋಷದಿಂದ ಬಿಟ್ಟ.

ವಿಯೇರಾ ದಂಪತಿಯ ಮನೆಗೆ ಬೀಗ. ಚಳಿಗಾಲಕ್ಕೆಂದು ನಿನ್ನೆಯೇ ದ್ವೀಪಕ್ಕೆ ಹೊರಟುಹೋಗಿದ್ದಾರೆ. ನಮೂನೆಗಳು ಅವರ ಅಡುಗೆಮನೆಯ ಕಿಟಕಿಯಲ್ಲಿ ಕಾಣುತ್ತಿವೆ. ಗಾಜಿನ ಈಚೆ ನಿಂತು ನೋಡಿ ಬಂದೆ.

ಇನ್ನು ಇಪ್ಪತ್ತು.

ನವೆಂಬರ್ 20

ಇದಲೀನಾ ಸಹಿ ಮಾಡುವುದಿಲ್ಲವಂತೆ. ಅವಳ ತಂಗಿ, ತಂಗಿಯ ಗಂಡ ಕೂಡ ಅವಳು ಮಾಡದೆ ಮಾಡುವುದಿಲ್ಲ.

"ನಲವತ್ತು ವರ್ಷದ ಹಿಂದೆ ಪೌರತ್ವ ಕೊಡುವಾಗ ಕೈ ಎತ್ತಿ ಪ್ರಮಾಣ ಮಾಡಿದೀನಿ. ಈಗ ಎರಡು ಥರ ಸಹಿ ಮಾಡಿ ಎರಡೂ ನಂದೇ ಅಂದ್ರೆ ಏನಂತಾರೆ?"

"ಎರಡೂ ನಿಂದೇ ತಾನೇ?"

"ಒಂದು ನಂದು. ಇನ್ನೊಂದು ನೀನು ಮಾಡಿಸಿದ್ದು."

"ಇದಲೀನಾ, ಪೆನ್ನು ತಗೋ."

"ಅವತ್ತೂ ಹಿಂಗೇ ಅಂದೆ," ಎಂದು ಕಾಫಿ ಲೋಟ ನನ್ನ ಮುಂದೆ ಇಟ್ಟು ಪಾತ್ರೆ ತೊಳೆಯಲು ತಿರುಗಿದಳು. ಇಪ್ಪತ್ತಾರು ವರ್ಷದಲ್ಲಿ ಆಕೆ ನನಗೆ ಬೆನ್ನು ಹಾಕಿ ನಿಂತದ್ದು ನೆನಪಿಲ್ಲ.

ಹದಿನೇಳು. ಇನ್ನು ಎಲ್ಲ ಬಂದರೂ ಸಾಲದು, ಅವಳ ಮನಸ್ಸು ತಿರುಗಬೇಕು. ತಿರುಗಿಸುತ್ತೇನೆ.

ನವೆಂಬರ್ 24, ಭಾನುವಾರ

ಗ್ರಾಸಿಯೆಟ್ ಮತ್ತು ರಾಂಡಲ್ ಕಳಿಸಿರಬಹುದೆಂದು ಲೆಕ್ಕದಲ್ಲಿ ಸೇರಿಸಿಕೊಂಡಿದ್ದೆ. ಇವತ್ತು ಹೋದರೆ ಎರಡೂ ನಮೂನೆ ಅವಳ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಹಾಗೆಯೇ ಇವೆ.

"ಇನ್ನೂ ಕಳಿಸಿಲ್ವಾ?"

"ಇಲ್ಲ."

"ಪೆನ್ನು ಕೊಡಲಾ?"

"ಪೆನ್ನು ಮನೇಲಿದೆ ಅಮ್ಮ."

"ಹಾಲ್‌ನಲ್ಲಿ ನನಗೇ ಹಾಕಿದ್ದೆ. ನಾನು ನೋಡಿದೀನಿ."

"ನೀವು ಹಿಂದೆ ನಿಂತಿದ್ರಿ. ಇನ್ನೇನು ಮಾಡ್ಲಿ? ಈಗ ಹಿಂದೆ ಯಾರೂ ನಿಂತಿಲ್ಲ."

"ಇದು ನನಗಲ್ಲ, ನಿನ್ನ ಮಗಳಿಗೆ."

"ನನ್ನ ಮಗಳಿಗೆ ನಾನಿದೀನಿ. ಎಲ್ಲಿ ಬೇಕಾದ್ರೂ ಓದಿಸ್ತೀನಿ." ಅವಳು ಧ್ವನಿ ಎತ್ತಲಿಲ್ಲ. ಬಟ್ಟೆ ಮಡಿಸುತ್ತಿದ್ದಳು. "ತೊಂಬತ್ತಾರರಲ್ಲಿ ಇದೇ ಕಾಲೇಜಿಂದ ನನಗೂ ಪತ್ರ ಬಂದಿತ್ತು. ಒಂದು ವರ್ಷ ತಡಿ ಅಂದ್ರಿ. ಅಪ್ಪನ ಬೆನ್ನು ಸರಿಹೋಗ್ಲಿ, ಕರುಗಳಿಗೆ ಹಾಲು ಕುಡಿಸೋರು ಯಾರೂ ಇಲ್ಲ ಅಂದ್ರಿ. ಅಪ್ಪನ ಬೆನ್ನು ಮಾರ್ಚ್‌ನಲ್ಲಿ ಸರಿಹೋಯ್ತು."

"ಆಗಿನ ಕಷ್ಟ ನಿನಗೇನು ಗೊತ್ತು?"

"ಗೊತ್ತು. ಬೆಳಿಗ್ಗೆ ನಾಲ್ಕಕ್ಕೆ ಏಳ್ತಿದ್ದೋಳು ನಾನೇ. ಅದಕ್ಕೆ ಸಿಟ್ಟಿಲ್ಲ ಅಮ್ಮ. ಲೈಬ್ರರಿಲಿ ಎಲ್ಲರ ಮುಂದೆ ಅಂದ್ರಲ್ಲ, ಇನ್ನೊಂದು ಹುಡುಗಿಯನ್ನ ಮನೇಲಿ ನಿಲ್ಲಿಸೋಕೆ ಬಿಡಲ್ಲ ಅಂತ. ನನ್ನ ಕಡೆ ನೋಡ್ತಾನೇ ಅಂದ್ರಿ. ಜಂಬದಿಂದ. ನಿಮಗೆ ನೆನಪೇ ಇರಲಿಲ್ಲ."

ರಾಂಡಲ್ ಒಳಗೆ ಬಂದವನು ನಮ್ಮಿಬ್ಬರನ್ನು ನೋಡಿ ಹಾಗೆಯೇ ವಾಪಸು ಹೋದ.

ನೆನಪಿತ್ತೋ ಇರಲಿಲ್ಲವೋ, ಈಗ ಕೂತು ಯೋಚಿಸಿದರೂ ಹೇಳಲಾರೆ. ಕರುಗಳು ನೆನಪಿವೆ. ಆ ವರ್ಷ ನಲವತ್ತೊಂದು ಕರು. ಒಂದೂ ಸಾಯಲಿಲ್ಲ.

ಸಹಿ ಮಾಡು ಎಂದು ಇನ್ನೊಮ್ಮೆ ಹೇಳಬಹುದಿತ್ತು. ಹೇಳಲು ಬಾಯಿ ತೆರೆದೆ. ಅವಳು ತಲೆ ಎತ್ತಿ ಕಾಯುತ್ತಿದ್ದಳು. ಬಾಯಿ ಮುಚ್ಚಿಕೊಂಡು ಬಂದೆ.

ನವೆಂಬರ್ 25

ಹಠ. ಅವರಪ್ಪನ ಹಠ.

ನವೆಂಬರ್ 29

ಇದಲೀನಾಳ ಮನೆಗೆ ಮತ್ತೆ ಹೋದೆ. ಅವರ ಮೂರು ಬಂದರೆ ಸಮವಾದರೂ ಆಗುತ್ತದೆ. ದಾರಿಯುದ್ದಕ್ಕೂ 'ದಯವಿಟ್ಟು' ಎಂದು ಹೇಳಿಕೊಂಡೇ ಹೋದೆ. ಅಲ್ಲಿ ಹೋಗಿ ಹೇಳಿದೆ ಕೂಡ. ಅವಳಿಗೆ ಅಳು ಬಂತು. ನನ್ನ ಕೈ ಹಿಡಿದುಕೊಂಡು, "ನನಗೆ ಭಯ ಕಣೇ," ಎಂದಳು. ಇನ್ನೇನು ಹೇಳಲಿ? ಅವಳ ಬಳಿ ಹೀಗೆ ಕೂತು ಬಹಳ ಕಾಲವಾಗಿತ್ತು. ಬರುವಾಗ ಅತ್ತಿಹಣ್ಣಿನ ಜಾಮ್ ಕೊಟ್ಟಳು.

ಡಿಸೆಂಬರ್ 1

ಗ್ರಾಸಿಯೆಟ್‌ಗೆ ಫೋನ್ ಮಾಡಲಿಲ್ಲ. ಐದು ಗಂಟೆ ಹೊಡೆಯಿತು, ನಮೂನೆಯ ಗಡುವು ಮುಗಿಯಿತು.

ಡಿಸೆಂಬರ್ 5, ಗುರುವಾರ

ಹದಿನೈದು ನಮೂನೆ ಬಂದವು. ಮೂರು ಓಟಿನಿಂದ ಸೋತೆ.

ಹಾಲ್‌ಸ್ಟೆಡ್ ಫೋನ್ ಮಾಡಿದ. "ಇಪ್ಪತ್ತು ವರ್ಷದಲ್ಲಿ ನನ್ನನ್ನ ಹೆದರಿಸಿದವರು ನೀವೊಬ್ಬರೇ ಮಿಸೆಸ್ ಬೊರ್ಬಾ." ಥ್ಯಾಂಕ್ಸ್ ಎಂದೆ. ಅವನ ಮನೆಯಲ್ಲಿ ಯಾರೋ ಪಿಯಾನೊ ಕಲಿಯುತ್ತಿದ್ದರು, ಒಂದೇ ಸಾಲನ್ನು ಮತ್ತೆ ಮತ್ತೆ.

ಜನವರಿ 14, ಮಂಗಳವಾರ

ಮಂಡಳಿಯ ಸಭೆ. ಸಾರ್ವಜನಿಕರಿಗೆ ತಲಾ ಮೂರು ನಿಮಿಷ. ಎದುರಿನ ಮೇಜಿನ ಮೇಲೆ ಸಣ್ಣ ದೀಪ, ಹಸಿರು, ಆಮೇಲೆ ಹಳದಿ, ಆಮೇಲೆ ಕೆಂಪು. ನಾಲ್ಕು ಹಾಳೆ ಬರೆದುಕೊಂಡು ಹೋಗಿದ್ದೆ. ಎರಡನೇ ಹಾಳೆಯಲ್ಲಿ ಕೆಂಪು ಬಂತು. ಅಧ್ಯಕ್ಷೆ ಬಹಳ ಮೃದುವಾಗಿ, "ಸಮಯ ಆಯ್ತು ಮೇಡಂ," ಎಂದಳು. ಓದುವುದನ್ನು ನಿಲ್ಲಿಸಿ ಜಾಗಕ್ಕೆ ಬಂದೆ. ಆಗಸ್ಟ್ ತಿಂಗಳಿನ ನಾನಾಗಿದ್ದರೆ ನಾಲ್ಕೂ ಹಾಳೆ ಮುಗಿಸದೆ ಕದಲುತ್ತಿರಲಿಲ್ಲ. ವಯಸ್ಸಾಯಿತು.

ಮೂರಕ್ಕೆ ಎರಡು. ಕೈ ಎತ್ತಿ ಮುಗಿಸಲು ಒಂದು ನಿಮಿಷವೂ ಬೇಕಾಗಲಿಲ್ಲ. ತಿಂಗಳ ಕೊನೆಗೆ ಶಾಖೆ ಮುಚ್ಚುತ್ತದೆ. ಪಾಠಗಳೆಲ್ಲ ದೊಡ್ಡ ಕಾಲೇಜಿಗೆ ಹೋಗುತ್ತವೆ.

ಫೆಬ್ರವರಿ 11

ನೊಯೆಲಿಯಾಳನ್ನು ಕಾಲೇಜಿಗೆ ನಾನೇ ಬಿಡುತ್ತೇನೆ. ಅವಳ ಅಪ್ಪ ಅಮ್ಮನ ಕಾರು ಆ ಹೊತ್ತಿಗೆ ಅವರ ಕೆಲಸಕ್ಕೇ ಬೇಕು. ಐದೂವರೆಗೆ ಹೊರಡುತ್ತೇವೆ. ಈ ಕಣಿವೆಯ ಮಂಜಿನಲ್ಲಿ ಮುಂದಿನ ಲಾರಿಯ ಕೆಂಪು ದೀಪ ಕಂಡರೆ ಪುಣ್ಯ. ಮೂವತ್ತು ಮೈಲಿ ವೇಗದಲ್ಲಿ ಹೋಗುತ್ತೇನೆ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಇವತ್ತು ಮೊದಲನೇ ಪಾಠ ತಪ್ಪಿತು. ಹೋದ ವಾರ ಎರಡು ಸಲ ತಪ್ಪಿತ್ತು.

ಅವಳು ಬರುವತನಕ ಕಾರು ನಿಲ್ಲಿಸುವ ಜಾಗದಲ್ಲಿ ಕೂತಿರುತ್ತೇನೆ. ಒಳಗೆ ಬಂದು ಕ್ಯಾಂಟೀನಿನಲ್ಲಿ ಕೂರಿ ಎನ್ನುತ್ತಾಳೆ. ನನಗೇಕೆ ಅದು?

ಮಧ್ಯಾಹ್ನ ಅವಳನ್ನು ಚೀಸ್ ಕಾರ್ಖಾನೆಗೆ ಬಿಡಬೇಕು, ಅಲ್ಲಿ ನಾಲ್ಕು ಗಂಟೆ ಕೆಲಸ. ಕಾರಿನಲ್ಲಿ ಬಾಯಿ ತೆರೆದು ನಿದ್ದೆ ಮಾಡುತ್ತಾಳೆ.

ಮಾರ್ಚ್ 6, ಗುರುವಾರ

ಸಂಜೆ ನೊಯೆಲಿಯಾ ಬಂದಳು, ಕಾರ್ಖಾನೆಯ ಬಿಳಿ ಬೂಟು ಹಾಕಿಕೊಂಡೇ. ಶರೀರಶಾಸ್ತ್ರದ ಪರೀಕ್ಷೆಯಲ್ಲಿ ಫೇಲಾಗಿದ್ದಾಳೆ. ಕಾರ್ಖಾನೆಯವರು ಪೂರ್ತಿ ದಿನದ ಕೆಲಸಕ್ಕೆ ಬಾ ಎನ್ನುತ್ತಿದ್ದಾರೆ, ಸೋಮವಾರದೊಳಗೆ ಹೇಳಬೇಕಂತೆ.

"ಓದು ಬಿಟ್ಟುಬಿಡೋಣ ಅನ್ಸತ್ತೆ ವವೊ. ಅಮ್ಮನ ಹತ್ರ ಇನ್ನೂ ಹೇಳಿಲ್ಲ. ಮೊದಲು ನಿಮ್ಮನ್ನ ಕೇಳೋಣ ಅಂತ ಬಂದೆ."

"ನನ್ನನ್ನ ಯಾಕೆ?"

"ನೀವು ಏನಾದ್ರೂ ಹೇಳ್ತೀರಲ್ಲ. ಯಾವಾಗ್ಲೂ."

ನನ್ನ ನಾಲಗೆಯ ತುದಿಯಲ್ಲಿತ್ತು. ನಾಳೆ ಐದಕ್ಕೇ ಹೊರಡೋಣ, ಬೂಟು ಬಿಚ್ಚಿ ಪುಸ್ತಕ ತೆಗಿ, ಬಿಡುವ ಮಾತು ನನ್ನ ಮನೆಯಲ್ಲಿ ಆಡಬೇಡ. ಹಿಂದಾದರೆ ಅಷ್ಟೂ ಹೇಳಿ ಮುಗಿಸುತ್ತಿದ್ದೆ. ಇಪ್ಪತ್ತೆರಡು ಜನರ ಕೈ ಹಿಡಿದು ಸಹಿ ಮಾಡಿಸಿ ಏನಾಯಿತೆಂದು ಕಂಡಿದ್ದೇನೆ. ಇನ್ನೊಬ್ಬರ ಬದುಕಿನ ಹಿಂದೆ ನಿಂತು ನೋಡುವ ಕೆಲಸ ನನಗೆ ಬೇಡ.

"ನಿನ್ನ ಇಷ್ಟ ಮಗಳೇ," ಎಂದೆ.

"ನನ್ನ ಇಷ್ಟನಾ?"

"ನಿನ್ನ ಇಷ್ಟ. ನಾನು ಒಂದು ಮಾತೂ ಹೇಳಲ್ಲ."

ಸೂಪು ಬಿಸಿ ಮಾಡಿ ಕೊಟ್ಟೆ, ಅರ್ಧ ತಿಂದಳು. ಆಮೇಲೆ, "ಹಾಗಾದ್ರೆ ನಾಳೆ ಬೆಳಿಗ್ಗೆ ಬರಬೇಡಿ ವವೊ, ಮಲಗಿರಿ," ಎಂದು ಎದ್ದಳು. ಬಾಗಿಲಿನ ಹತ್ತಿರ ಸ್ವಲ್ಪ ನಿಂತಳು, ಹಿಡಿಕೆಯ ಮೇಲೆ ಕೈ ಇಟ್ಟುಕೊಂಡು. ಕೋಟಿನ ಗುಂಡಿ ಹಾಕಿಕೊಳ್ಳುತ್ತಿರಬೇಕು ಎಂದು ನಾನು ಎದ್ದು ಹೋಗಲಿಲ್ಲ.

ಗ್ರಾಸಿಯೆಟ್ ಇಲ್ಲಿದ್ದು ನೋಡಿದ್ದರೆ ಇವತ್ತು ನನ್ನನ್ನು ಮೆಚ್ಚುತ್ತಿದ್ದಳು.